ಕುಲುಕಿದ ರಕ್ತ

ಶ್ವಾಸಕೋಶದ ಒಂದು ಭಾಗ ತೆಗೆಸಿಕೊಂಡು ಮನೆಗೆ ಬಂದ ದಿನವೇ ನಮ್ಮವರು ಹಾಲ್‌ನ ಒರಗುಕುರ್ಚಿಯಲ್ಲಿ ಮಲಗತೊಡಗಿದರು. "ಕೆಮ್ಮಿ ಕೆಮ್ಮಿ ನಿನ್ನ ನಿದ್ದೆ ಯಾಕೆ ಕೆಡಿಸ್ಲಿ?" ಎಂದರು. ಗಾಯ ಮಾಗಿತು, ಕೆಮ್ಮೂ ಇಳಿಯಿತು. ಅವರು ಮಾತ್ರ ಒಳಗೆ ಬರಲಿಲ್ಲ. ಕರೆದಾಗಲೆಲ್ಲ, "ರಕ್ತದ ರಿಪೋರ್ಟ್ ಬರ್ಲಿ, ಆಮೇಲೆ ನೋಡೋಣ" ಎಂಬ ಉತ್ತರ.

ಆ ಪರೀಕ್ಷೆ ಏನೆಂದು ಡಾಕ್ಟರು ಬಿಡಿಸಿ ಹೇಳಿದ್ದರು. ಕ್ಯಾನ್ಸರ್ ಬೇರೆಲ್ಲಾದರೂ ಹರಡಿ ಬೇರೂರುತ್ತಿದ್ದರೆ, ಸ್ಕ್ಯಾನಿನಲ್ಲಿ ಕಾಣುವ ಮೊದಲೇ ಅದರ ಗುರುತು ರಕ್ತದಲ್ಲಿ ಸಿಗಬಹುದಂತೆ.

ನಾನು ಮಂಚದಲ್ಲಿ ನನ್ನ ಅರ್ಧದಲ್ಲೇ ಮಲಗುತ್ತಿದ್ದೆ. ಈ ವಯಸ್ಸಿನಲ್ಲಿ ಇದೆಂಥ ಆಸೆ ಎಂದು ನಗುವವರು ನಗಲಿ. ನಿದ್ದೆಯಲ್ಲಿ ಅವರು ಮಗ್ಗುಲು ಬದಲಿಸುವಾಗ ಮಂಚ ಕಿರ್ರೆನ್ನುವ ಸದ್ದಿಗೆ ನನ್ನ ಕಿವಿ ಹಾತೊರೆಯುತ್ತಿತ್ತು.

ರಕ್ತ ಕೊಡಲು ಹೋದ ದಿನ ಲ್ಯಾಬಿನ ಹುಡುಗಿ ಸೂಜಿ ಹಿಡಿಯುವ ಮೊದಲು ಅವರ ತಣ್ಣಗಿದ್ದ ಅಂಗೈಯನ್ನು ತನ್ನ ಎರಡೂ ಕೈಗಳ ನಡುವೆ ಇಟ್ಟುಕೊಂಡು ಬೆಚ್ಚಗೆ ಮಾಡಿದಳು. ರಕ್ತ ತುಂಬಿದ ಕೊಳವೆಯನ್ನು ತಟ್ಟೆಯಲ್ಲಿಟ್ಟು ಹತ್ತಿಗೆಂದು ಆಚೆ ತಿರುಗಿದಳು. ಅಷ್ಟೇ. ಆಯುಷ್ಯವೆಲ್ಲ ಕಾಂಪೌಂಡರ್ ಆಗಿದ್ದವರು, ಕೈ ಸುಮ್ಮನಿದ್ದೀತೆ? ಕೊಳವೆಯನ್ನೆತ್ತಿ, ಕೆಮ್ಮಿನ ಸಿರಪ್ ಕೊಡುವ ಮುನ್ನ ಮಾಡುತ್ತಿದ್ದಂತೆ ಚೆನ್ನಾಗಿ ಕುಲುಕಿಬಿಟ್ಟರು.

"ಅಯ್ಯೋ ತಾತ! ಏನ್ ಮಾಡಿದ್ರಿ?"

"ಕುಲುಕದೆ ಕೊಡೋದುಂಟೇನಮ್ಮಾ? ಅಡಿಯಲ್ಲೇ ಕೂತ್ಬಿಡಲ್ವಾ?"

"ಇದು ಔಷಧಿ ಅಲ್ಲ ತಾತ, ನಿಮ್ಮ ರಕ್ತ! ಮೆಲ್ಲಗೆ ಮಗುಚ್ಬೇಕು ಅಷ್ಟೇ. ಹಿಂಗೆ ಕುಲುಕಿದ್ರೆ ಒಳ್ಳೇ ಕಣಗಳೆಲ್ಲ ಒಡೆದು, ನಾವು ಹುಡುಕೋ ಗುರುತು ಅದರಲ್ಲೇ ಕಳೆದುಹೋಗತ್ತೆ."

ಅವರ ಮುಖ ಸಣ್ಣದಾಯಿತು. "ಮನೇಲಿ ಹಾಲಿನ ಲೋಟ ಕೊಟ್ರೂ ಒಂದ್ಸಲ ಅಲ್ಲಾಡಿಸೇ ಕುಡಿಯೋದು ಕಣಮ್ಮಾ" ಎಂದೆ. ಹುಡುಗಿ ನಕ್ಕು ಇನ್ನೊಂದು ತೋಳಿನಿಂದ ಮತ್ತೆ ರಕ್ತ ತೆಗೆದಳು.

"ಇನ್ನೊಂದು ಟ್ಯೂಬ್ ಯಾಕೆ?" ಎಂದು ಒಳಗಿನಿಂದ ಯಾರೋ ಗದರಿದರು.

"ಮೊದಲನೇದು ನನ್ನ ಕೈಲಿ ಕೆಟ್ಟೋಯ್ತು ಸರ್" ಎಂದಳು, ತಲೆಯೆತ್ತದೆ.

ರಿಪೋರ್ಟ್ ಬಂದ ದಿನ ಡಾಕ್ಟರು ಮೇಜಿನಾಚೆಯಿಂದ ಎದ್ದು, ಕುರ್ಚಿ ಎಳೆದುಕೊಂಡು ನಮ್ಮ ಪಕ್ಕದಲ್ಲೇ ಕುಳಿತರು. ಆಗಲೇ ನನಗೆ ಗೊತ್ತಾಯಿತು.

"ಗುರುತು ಸಿಕ್ಕಿದೆ. ಸ್ಕ್ಯಾನಲ್ಲಿ ಇನ್ನೂ ಏನೂ ಕಾಣ್ತಿಲ್ಲ. ಬೇಗ ತಿಳೀತು ಅಂದ್ಕೊಳ್ಳೋಣ. ಮತ್ತೆ ಚಿಕಿತ್ಸೆ ಶುರು ಮಾಡೋಣ."

ಮನೆಗೆ ಬಂದವರೇ ಚಪ್ಪಲಿ ಬಿಟ್ಟು ಒರಗುಕುರ್ಚಿಯಲ್ಲಿ ಕುಳಿತರು. "ಆ ಕುಲುಕಿದ್ದನ್ನೇ ಕಳಿಸ್ಬೇಕಿತ್ತು ಕಣೇ" ಎಂದರು. ನಗು ಬರಲಿಲ್ಲ, ಇಬ್ಬರಿಗೂ.

"ಏಳಿ, ಒಳಗೆ ಬನ್ನಿ."

"ಈಗ್ಲಾ? ರಿಪೋರ್ಟ್ ನೋಡಿದ್ಯಲ್ಲ..."

"ರಿಪೋರ್ಟ್ ಬರ್ಲಿ ಅಂದ್ರಿ, ಬಂತು. ಒಳ್ಳೇದೇ ಬರ್ಬೇಕು ಅಂತ ನಾನೇನು ಹಟ ಹಿಡಿದಿದ್ನಾ?"

ಅವರು ಕಿಟಕಿಯ ಕಡೆ ನೋಡಿದರು.

"ಕೆಮ್ಮಿಗಲ್ಲ ಕಣೇ ನಾನಿಲ್ಲಿ ಮಲಗಿದ್ದು. ಒಬ್ಬಳೇ ಮಲಗೋದು ನಿಂಗೆ ಈಗಿಂದ್ಲೇ ಅಭ್ಯಾಸ ಆಗ್ಲಿ ಅಂತ."

ಇಷ್ಟು ದಿನ ಗೋಡೆಯಾಚೆ ಕೂತು ಇವರು ಮಾಡುತ್ತಿದ್ದದ್ದು ಇದೇ! ಕುರ್ಚಿಯ ಮುಂದೆ ಹೋಗಿ ನಿಂತೆ.

"ಆಗ್ಲಿಲ್ಲ ರೀ" ಎಂದೆ.

ಎಬ್ಬಿಸು ಎಂಬಂತೆ ಅವರು ಕೈ ಚಾಚಿದರು.