ಹೇಳಿ ಹುಯ್ಯುವ ನೀರು

ತಪ್ಪು ನನ್ನದೇ. ಹನ್ನೊಂದು ತಿಂಗಳ ಮೊಮ್ಮಗ ಸಮ್ಯಕ್‌ನನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆಯುತ್ತಿದ್ದೆ. ಕೊನೆಯ ಚೊಂಬನ್ನು ಮುಖದ ಮೇಲೆ ಒಮ್ಮೆಲೇ ಸುರಿಯುವುದು ನಮ್ಮ ಮನೆಯ ಪದ್ಧತಿ. ಹಾಗೆ ಮಾಡಿದರೆ ಮಗು ಗಟ್ಟಿಯಾಗುತ್ತದೆ, ಮುಂದೆ ನೀರಿಗೆ ಹೆದರುವುದಿಲ್ಲ ಎಂದು ನನ್ನ ಅತ್ತೆ ಹೇಳುತ್ತಿದ್ದರು. ನನ್ನ ಮೂವರು ಮಕ್ಕಳಿಗೂ ಹಾಗೇ ಎರೆದಿದ್ದೆ. ಅವತ್ತು ಸಮ್ಯಕ್ ನಗುತ್ತ ಬಾಯಿ ತೆರೆದಿದ್ದ. ನೀರು ನೆತ್ತಿಗೇರಿತು. ಕೆಮ್ಮಿ ಕೆಮ್ಮಿ ಮುಖ ಕೆಂಪಾಗಿ, ಒಂದು ಕ್ಷಣ ಉಸಿರೇ ನಿಂತಂತಾಯಿತು. ಸೊಸೆ ಮೇಘಶ್ರೀ ಓಡಿಬಂದು ಬೋರಲು ಹಾಕಿ ಬೆನ್ನು ತಟ್ಟಿದಳು. ಉಸಿರೇನೋ ಬಂತು. ಆದರೆ ಅಂದಿನಿಂದ ಅವನು ನಲ್ಲಿಯ ಸದ್ದಿಗೂ ಚೀರತೊಡಗಿದ. ಎರೆಯಲೆಂದು ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿದರೆ ಸಾಕು, ಅಮ್ಮನ ಕುತ್ತಿಗೆ ಅಪ್ಪಿಕೊಳ್ಳುತ್ತಿದ್ದ.

ಮೇಘಶ್ರೀ ಯಾರಿಗೂ ಹೇಳಲಿಲ್ಲ. ನನ್ನ ಮಗ ಇಂದ್ರೇಶ್ ಕೇಳಿದಾಗ, "ಹಲ್ಲು ಬರ್ತಿದೆ ಕಣ್ರೀ, ಅದಕ್ಕೇ ಕಿರಿಕಿರಿ" ಎಂದಳು. ಮಗುವಿನ ಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತ ವಾರ ಕಳೆದಳು.

ಅವಳ ತವರು ಹಾರನಹಳ್ಳಿ. ಅಲ್ಲಿಯ ತೆಂಗಿನ ತೋಟದ ಬಾವಿಯಲ್ಲಿ ಆ ಮನೆಯ ಮಕ್ಕಳೆಲ್ಲ ಈಜು ಕಲಿತವರು. ಅವಳಂತೂ ಏಳನೇ ವರ್ಷಕ್ಕೇ ಮೇಲಿನ ಕಲ್ಲಿನಿಂದ ತಲೆ ಕೆಳಗಾಗಿ ಹಾರುತ್ತಿದ್ದಳಂತೆ. ಮಗ ಹುಟ್ಟಿದ ದಿನವೇ, "ಇವನೂ ನನ್ನಂಗೇ ಡೈವ್ ಹೊಡೀತಾನೆ ನೋಡ್ತಿರಿ ಅತ್ತೆ" ಎಂದಿದ್ದಳು. ಅವಳ ಆ ಆಸೆ, ಮಗುವಿಗೆ ನನ್ನ ಮೇಲಿದ್ದ ನಂಬಿಕೆ, ಎರಡನ್ನೂ ಕೆಡಿಸಿದೆನಲ್ಲ ಎಂದು ನನಗೆ ಊಟ ಸೇರದಾಯಿತು.

ಭಾನುವಾರ ನಮ್ಮೂರು ಅರಸೀಕೆರೆಯಿಂದ ನಾನು, ಮೇಘಶ್ರೀ, ಮಗು ಮೂವರೂ ಹಾರನಹಳ್ಳಿಗೆ ಹೋದೆವು. ಮೇಘಶ್ರೀಯ ತಂದೆ ಕರಿಬಸವಯ್ಯನವರ ಮುಂದೆ ನಾನೇ ಎಲ್ಲ ಹೇಳಿಕೊಂಡೆ. ಬೈಯುತ್ತಾರೆಂದುಕೊಂಡಿದ್ದೆ.

"ಅಲ್ಲ ಬೀಗಿತ್ತಿಯವ್ರೇ, ಹೇಳ್ದೆ ಕೇಳ್ದೆ ನಾನು ನಿಮ್ ಮಕದ ಮ್ಯಾಲೆ ಒಂದ್ ಕೊಡ ನೀರು ಸುರಿದ್ರೆ ಸುಮ್ಕಿರ್ತೀರಾ?"

"ಪೊಲೀಸ್‌ಗೆ ಹೋಗ್ತೀನಿ" ಎಂದೆ.

"ಅಷ್ಟೇಯ. ಮಗೀಗೆ ಸ್ಟೇಷನ್ ದಾರಿ ಗೊತ್ತಿಲ್ಲ, ಅಳ್ತೈತೆ. ಅದಕ್ಕೆ ಹೇಳಿ ಹುಯ್ಬೇಕು."

"ಇಷ್ಟು ಚಿಕ್ಕ ಮಗೂಗೆ ಏನಂತ ಹೇಳೋದು ಅಪ್ಪಾಜಿ?" ಮೇಘಶ್ರೀ ಕೇಳಿದಳು.

ಅವರು ನಮ್ಮನ್ನು ತೋಟಕ್ಕೆ ಕರೆದೊಯ್ದರು. ಪಂಪ್‌ಸೆಟ್ಟಿನ ತೊಟ್ಟಿಯಲ್ಲಿ ಮೊಣಕಾಲುದ್ದ ನೀರು ಬಿಸಿಲಿಗೆ ಬೆಚ್ಚಗಾಗಿತ್ತು. ಮಗುವನ್ನೆತ್ತಿಕೊಂಡು ಅವಳು ದೂರದಲ್ಲೇ ಕೂತಳು. ಆ ಎಪ್ಪತ್ತು ವರ್ಷದ ಮನುಷ್ಯ ಪಂಚೆ ಎತ್ತಿಕಟ್ಟಿ ತೊಟ್ಟಿಗಿಳಿದು ಕೂತರು. ತೆಂಗಿನ ಚಿಪ್ಪಿನಲ್ಲಿ ನೀರು ತುಂಬಿಕೊಂಡು, "ಬತ್ತೈತೆ, ಬತ್ತೈತೆ... ಬಂತು!" ಎಂದು ತಮ್ಮ ತಲೆಗೇ ಹುಯ್ದುಕೊಂಡರು. ಹಣೆಯ ವಿಭೂತಿ ಮೂಗಿನ ಮೇಲೆ ಇಳಿಯಿತು. ಅಳುತ್ತಿದ್ದ ಸಮ್ಯಕ್ ಬಾಯಿ ಬಿಟ್ಟು ನೋಡಿದ. ನಾಲ್ಕನೆಯ ಸಲವೋ ಐದನೆಯ ಸಲವೋ, 'ಬಂತು' ಎನ್ನುವ ಮೊದಲೇ ಕಣ್ಣು ಮಿಟುಕಿಸಿದ.

"ಗೊತ್ತಾತು ಅವ್ನಿಗೆ! ಈಗ ಅವ್ನೇ ಹುಯ್ಲಿ. ಯಾರು ತಲೆ ಕೊಡ್ತೀರಿ?"

ನಾನು ಕೊಟ್ಟೆ. ಸೀರೆಯಲ್ಲೇ ತೊಟ್ಟಿಗಿಳಿದೆ. ಮೇಘಶ್ರೀ ಹತ್ತಿರ ಬಂದು, ಮಗುವನ್ನು ತೊಟ್ಟಿಯ ಕಟ್ಟೆಯ ಮೇಲೆ ಕೂರಿಸಿಕೊಂಡು, ನನ್ನ ಕನ್ನಡಕ ತೆಗೆದು ತನ್ನ ಸೆರಗಿನಲ್ಲಿ ಕಟ್ಟಿಕೊಂಡಳು. ಸಮ್ಯಕ್ ತಾತ ತುಂಬಿಕೊಟ್ಟ ಚಿಪ್ಪನ್ನು ಎರಡೂ ಕೈಯಲ್ಲಿ ಹಿಡಿದು ನೇರ ನನ್ನ ಮೂಗಿಗೇ ಸುರಿದ. ನೆತ್ತಿಗೇರಿ ಕೆಮ್ಮಿದೆ, ನಿಜವಾಗಿಯೂ. ಅವನು ಕೇಕೆ ಹಾಕಿ ನಕ್ಕ. ವಾರದಲ್ಲಿ ಮೊದಲ ನಗು.

"ಹೆಂಗೈತೆ ಬೀಗಿತ್ತಿಯವ್ರೇ, ಗಟ್ಟಿಯಾದ್ರಾ?" ಎಂದರು ಕರಿಬಸವಯ್ಯ.

ಹತ್ತು ದಿನ ಅಲ್ಲೇ ಉಳಿದೆವು. ಮೊದಲು ಪಾದ, ಆಮೇಲೆ ಮೊಣಕಾಲು, ಹೊಟ್ಟೆ, ಹೆಗಲು. "ಇನ್ನೂ ಬೇಕು ಅನ್ನೋವಾಗ್ಲೇ ಎತ್ಬಿಡವ್ವ, ನಾಳೆ ಅವ್ನೇ ಕರ್ಕೊಂಡ್ ಬತ್ತಾನೆ" ಎಂದು ಮಗಳಿಗೆ ದಿನವೂ ಹೇಳುತ್ತಿದ್ದರು. ಡೈವ್ ಎಲ್ಲ ಆರು ವರ್ಷ ಕಳೆದ ಮೇಲೆ, ಈಗ ನೀರಿನ ಸ್ನೇಹ ಆದರೆ ಸಾಕು ಎಂಬುದು ಅವರ ಮಾತು. ಮಗುವಿಗೆ ನೀರು ಹುಯ್ಯುವುದೆಲ್ಲ ಮೇಘಶ್ರೀಯೇ. ನಾನು ಟವಲ್ ಹಿಡಿದು ಕಟ್ಟೆಯ ಮೇಲೆ ಕೂರುತ್ತಿದ್ದೆ. ತಲೆಗೆ ಮಾತ್ರ ಇನ್ನೂ ಯಾರೂ ಹುಯ್ದಿರಲಿಲ್ಲ.

ಹೊರಡುವ ದಿನ ಬೆಳಿಗ್ಗೆ, ಮಗುವನ್ನೆತ್ತಿಕೊಂಡು ತೊಟ್ಟಿಯಲ್ಲಿ ನಿಂತಿದ್ದ ಅವಳು ಕರೆದಳು. "ಅತ್ತೆ, ಬನ್ನಿ. ತಲೆಗೆ ನೀವು ಹುಯ್ಯಿರಿ."

"ಬೇಡ ಕಣಮ್ಮ. ಮತ್ತೆ ಹೆದರಿದ್ರೆ?"

"ನಾನು ಹಿಡ್ಕೊಂಡಿದೀನಲ್ಲ."

ಇಳಿದೆ. ಚಿಪ್ಪಿನಲ್ಲಿ ಎರಡು ಗುಟುಕಿನಷ್ಟೇ ನೀರು ತೆಗೆದುಕೊಂಡೆ. "ಬತ್ತೈತೆ, ಬತ್ತೈತೆ..." ಎಂದೆ. ಸಮ್ಯಕ್ ನನ್ನ ಮುಖವನ್ನೇ ನೋಡಿದ. ಆಮೇಲೆ ಕಣ್ಣು ಬಿಗಿಯಾಗಿ ಮುಚ್ಚಿ, ತುಟಿ ಒತ್ತಿಕೊಂಡು ಕಾದ.

"ಬಂತು!"

ನೀರು ನೆತ್ತಿಯಿಂದ ಕೆನ್ನೆಗಿಳಿಯಿತು. ಅವನು ಕಣ್ಣು ತೆರೆದ. ರೆಪ್ಪೆಯ ಹನಿಗಳನ್ನು ಕೊಡವಿ, ನನ್ನತ್ತ ಎರಡೂ ಕೈ ಚಾಚಿದ.

ಮೇಘಶ್ರೀ ಅವನನ್ನು ನನ್ನ ತೋಳಿಗೆ ಕೊಟ್ಟು, ಒಂದು ಹೆಜ್ಜೆ ಹಿಂದೆ ಸರಿದು ನಿಂತಳು.