ಬಾಗಿಲಾಚೆ ಕೂತವಳು

ಕಾನೋ ನಗರದ ಹೆರಿಗೆ ಆಸ್ಪತ್ರೆಯೊಂದರಲ್ಲಿ ದಾದಿ ಲಾದಿದಿಗೆ ಬೆಳಗಿನಿಂದ ಕೂರಲು ಪುರುಸೊತ್ತಿರಲಿಲ್ಲ. ಮಧ್ಯಾಹ್ನ ಅರ್ಧ ಗಂಟೆ ಬಿಡುವು ಸಿಕ್ಕಿದ್ದೇ, ಸಂತೆಯಲ್ಲಿ ಕೊಂಡಿದ್ದ ಹೌಸಾ ಭಾಷೆಯ ಕಾದಂಬರಿಯನ್ನು ತೆರೆದಳು. ಅದರಲ್ಲಿ ಹೆರಿಗೆಯಲ್ಲಿ ಒಳಗೆ ಗಾಯವಾಗಿ ಸದಾ ಮೂತ್ರ ಸೋರುವ ಎಳೆಯ ಹೆಂಡತಿಯನ್ನು ಗಂಡ ಮನೆಯಿಂದ ಹೊರಗೆ ಹಾಕುತ್ತಾನೆ. ಓದುತ್ತಾ ಲಾದಿದಿಯ ಕಣ್ಣು ತುಂಬಿತು.

"ಯಾಕಕ್ಕಾ ಅಳ್ತಿದೀಯ?" ಎಂದಳು ಜೊತೆಯ ದಾದಿ ಟಲಾತು.

"ಪಾಪ ಕಣೇ, ಈ ಹುಡುಗೀನ ಯಾರೂ ಹತ್ರ ಸೇರಿಸ್ತಿಲ್ಲ."

"ಹೂಂ. ಬೆಳಗ್ಗೆ ಬಂದೋಳನ್ನ ವಾಸನೆ ಅಂತ ಬಾಗಿಲಾಚೆ ಕೂರಿಸಿದೋಳು ನೀನೇ ಅಲ್ವಾ? ಅವಳ ಕಾಯಿಲೇನೂ ಅದೇ. ಹೆಸರಾದ್ರೂ ಕೇಳಿದ್ಯಾ?"

ಲಾದಿದಿ ಪುಸ್ತಕ ಮುಚ್ಚಿಟ್ಟಳು. ಕಾಲುಗಳು ಸೋತಿದ್ದವು, ಏಳಲು ಮನಸ್ಸೂ ಇರಲಿಲ್ಲ. ಆದರೂ ಎದ್ದು ಹೊರಗೆ ಹೋದಳು. ಹುಡುಗಿ ಬೆಂಚಿನ ತುದಿಯಲ್ಲಿ ಒದ್ದೆ ಬಟ್ಟೆಯನ್ನು ಮುದುರಿ ಹಿಡಿದು ಕೂತಿದ್ದಳು.

"ನಿನ್ನ ಹೆಸರೇನವ್ವಾ?"

"ಬಿಲ್ಕಿಸು."

ಲಾದಿದಿ ಅವಳ ಕೈಹಿಡಿದು ಒಳಗೆ ಕರೆತಂದಳು. ಸ್ನಾನಕ್ಕೆ ಬಿಸಿನೀರು ಕೊಟ್ಟು, ಒಣ ಬಟ್ಟೆ ಉಡಿಸಿ, ಶಸ್ತ್ರಚಿಕಿತ್ಸೆಯ ಪಟ್ಟಿಯಲ್ಲಿ ಅವಳ ಹೆಸರು ಸೇರಿಸಿದಳು. ತಿರುಗಿ ನೋಡಿದರೆ ಅಂಥವರೇ ಇನ್ನಿಬ್ಬರು ಬಾಗಿಲಲ್ಲಿ ಇಣುಕುತ್ತಿದ್ದರು. ಲಾದಿದಿ ಸೊಂಟ ಒತ್ತಿಕೊಂಡು ನಿಟ್ಟುಸಿರುಬಿಟ್ಟಳು.

"ನೀವೂ ಬನ್ರಮ್ಮಾ," ಎಂದಳು.