ಮನೆ ಹಂಚು

ಹೊನ್ನಾವರದ ಕಡೆ ಹೆಂಚಿಗೆ ಹಂಚು ಅನ್ನುತ್ತಾರೆ. ಇಷ್ಟು ಸಣ್ಣ ಸಂಗತಿಯನ್ನು ರಾಜಾಜಿನಗರದ ನಾರಾಯಣಪ್ಪನವರಿಗೆ ಯಾರಾದರೂ ಮೊದಲೇ ಹೇಳಿದ್ದರೆ, ಆ ಪುಣ್ಯಾತ್ಮರು ಒಂಬತ್ತು ದಿನ ಊಟ ಸೇರದೆ ಒದ್ದಾಡುತ್ತಿರಲಿಲ್ಲ. ಆದರೆ ಹೇಳುವವರು ಯಾರು? ಮೂವತ್ತೆರಡು ವರ್ಷ ಪಿ.ಡಬ್ಲ್ಯು.ಡಿ.ಯಲ್ಲಿ ಓವರ್ಸಿಯರ್ ಆಗಿದ್ದು, ಕೋಲಾರ ತುಮಕೂರಿನ ಅರ್ಧಕ್ಕರ್ಧ ಸ್ಕೂಲುಗಳಿಗೆ ಹೆಂಚು ಹೊದಿಸಿ ರಿಟೈರ್ ಆದ ಮನುಷ್ಯನಿಗೆ ಹೆಂಚಿನ ಪಾಠ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

೧೯೭೮ರ ಮಾರ್ಚಿನಲ್ಲಿ ಒಂದು ಶುಕ್ರವಾರ ಪೋಸ್ಟ್‌ಮ್ಯಾನ್ ಒಂದು ಕಾರ್ಡನ್ನು ಅವರ ಕೈಗೆ ಕೊಟ್ಟುಹೋದ. ಅದು ಬಂದದ್ದು ಸೊಸೆ ಸತ್ಯವತಿಗೆ, ಹೊನ್ನಾವರದ ಅವಳ ತಂದೆಯಿಂದ. ದೊಡ್ಡ ಮಗ ಶ್ಯಾಮಸುಂದರ ಬ್ಯಾಂಕಿನ ಕೆಲಸಕ್ಕೆಂದು ಎರಡು ವರ್ಷ ಆ ಊರಿನಲ್ಲಿದ್ದು, ಬರುವಾಗ ಸತ್ಯವತಿಯನ್ನು ಮದುವೆಯಾಗಿ ಬಂದಿದ್ದ. ಇನ್ನೊಬ್ಬರ ಕಾಗದ ಓದುವುದು ತಪ್ಪು ಎಂಬುದು ನಾರಾಯಣಪ್ಪನವರಿಗೂ ಗೊತ್ತು. ಆದರೆ ಕಾರ್ಡು ಕಾಗದವಲ್ಲ. ಯಾರೂ ಓದಬಾರದು ಅಂತಿದ್ದರೆ ಬೀಗರು ಕವರಿನಲ್ಲಿ ಹಾಕುತ್ತಿದ್ದರು. ಗೇಟಿನ ಹತ್ತಿರವೇ ನಿಂತು ಓದಿದರು.

‘ಚಿ. ಸೌ. ಸತ್ಯವತಿಗೆ ಅಪ್ಪಯ್ಯನ ಆಶೀರ್ವಾದ. ನಾವೆಲ್ಲ ಕ್ಷೇಮ. ಮಳೆಗಾಲದೊಳಗೆ ಮನೆ ಹಂಚು ಆಗಲೇಬೇಕು. ಇನ್ನು ತಡ ಮಾಡುವುದು ಒಳ್ಳೆಯದಲ್ಲ. ನಿನ್ನ ಮಾವನವರಿಗೆ ಇದರಲ್ಲಿ ಬಹಳ ಅನುಭವ. ಸಮಯ ನೋಡಿ ಮೆಲ್ಲಗೆ ಕೇಳು. ಹಿಂದಿನ ಹಂಚಿನ ಹಾಗೆ ಆಗಬಾರದು.’

ನಾರಾಯಣಪ್ಪನವರು ಇನ್ನೊಮ್ಮೆ ಓದಿದರು. ಮನೆ ಹಂಚು! ಅದೂ ಮಳೆಗಾಲದೊಳಗೆ! ಇನ್ನೂ ಉರಿದದ್ದು ಕೊನೆಯ ಮಾತಿಗೆ. ಹಿಂದಿನ ಹಂಚು ಯಾವುದು ಅಂತ ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಇಪ್ಪತ್ತೇಳು ವರ್ಷದ ಹಿಂದೆ ಕೆಂಗೇರಿಯಲ್ಲಿ ಅವರೂ ಅವರ ಇಬ್ಬರು ಅಣ್ಣಂದಿರೂ ಮನೆ ಹಂಚಿಕೊಂಡಿದ್ದರು. ಒರಳುಕಲ್ಲು ಯಾರಿಗೆ ಅನ್ನುವುದು ತೀರ್ಮಾನವಾಗದೆ ಕೋರ್ಟು ಹತ್ತಿತು. ಆರು ವರ್ಷ ನಡೆಯಿತು. ತೀರ್ಪು ಬರುವ ಹೊತ್ತಿಗೆ ಒರಳುಕಲ್ಲನ್ನು ಯಾರೋ ಕದ್ದುಕೊಂಡು ಹೋಗಿದ್ದರು. ಅವತ್ತಿನಿಂದ ಇವತ್ತಿನವರೆಗೆ ಅಮ್ಮನ ತಿಥಿ ಮೂರು ಮನೆಯಲ್ಲಿ ಬೇರೆಬೇರೆಯಾಗಿ ನಡೆಯುತ್ತಿತ್ತು, ಒಬ್ಬರ ಮನೆಗೆ ಇನ್ನೊಬ್ಬರು ಹೋಗುತ್ತಿರಲಿಲ್ಲ. ರಾಜಾಜಿನಗರದಲ್ಲಿ ಸೈಟು ಕೊಂಡು ಪಾಯ ತೋಡಿಸಿದ ದಿನವೇ ನಾರಾಯಣಪ್ಪನವರು ಹೆಂಡತಿ ಜಗದಾಂಬಾ ಎದುರಿಗೆ ಹೇಳಿದ್ದರು: ‘ಈ ಮನೇಲಿ ಒಂದೇ ಒಲೆ ಕಣೇ. ನಾನು ಬದುಕಿರೋವರೆಗೂ ಒಂದೇ ಒಲೆ.’ ಜಗದಾಂಬಾ ಅವತ್ತು ಹೂಂ ಅಂದಿದ್ದರು.

ಕಾರ್ಡನ್ನು ಏನೂ ಗೊತ್ತಿಲ್ಲದವರ ಹಾಗೆ ಸೊಸೆಗೆ ಕೊಟ್ಟರು. ಅವಳು ಓದಿ, ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಒಳಗೆ ಹೋದಳು. ನೋಡಿದಿರಾ, ಮುಚ್ಚಿಡುತ್ತಾಳೆ! ನಾರಾಯಣಪ್ಪನವರಿಗೆ ಇನ್ನೇನು ಸಾಕ್ಷಿ ಬೇಕು?

ಅವಳು ಮುಚ್ಚಿಟ್ಟದ್ದಕ್ಕೆ ಕಾರಣ ಬೇರೆಯೇ ಇತ್ತು. ಹಿಂದಿನ ನವೆಂಬರಿನಲ್ಲಿ ಎದ್ದ ಚಂಡಮಾರುತ ಹೊನ್ನಾವರದ ಅವಳ ತವರುಮನೆಯ ಹೆಂಚಿನ ಮಾಡನ್ನು ಬೋಳು ಮಾಡಿ ಹೋಗಿತ್ತು. ಅಪ್ಪ ಅಮ್ಮ ನಾಲ್ಕು ತಿಂಗಳಿಂದ ತೆಂಗಿನ ಗರಿ ಹೊದಿಸಿಕೊಂಡು ಕೂತಿದ್ದರು. ತವರಿನ ಕಷ್ಟವನ್ನು ಗಂಡನ ಮನೆಯಲ್ಲಿ ಹೇಳಿಕೊಳ್ಳುವುದು ಹೇಗೆ ಅಂತ ಅವಳು ಗಂಡನಿಗೂ ‘ಸ್ವಲ್ಪ ಗಾಳಿ ಬಂದಿತ್ತಂತೆ’ ಅಂದು ಸುಮ್ಮನಾಗಿದ್ದಳು. ಜೂನ್ ಬರುವುದರೊಳಗೆ ಎಂಥ ಹೆಂಚು ಹಾಕಿಸಬೇಕು ಅಂತ ಮಾವನವರನ್ನು ಒಂದು ಮಾತು ಕೇಳಬೇಕಿತ್ತು, ಅಷ್ಟೇ.

ಕೇಳಲು ಬಿಟ್ಟರೆ ತಾನೆ! ಅವಳು ಕಾಫಿ ತಂದು ‘ಮಾವ, ಒಂದು ವಿಷಯ...’ ಅಂದರೆ ಅವರಿಗೆ ತಲೆನೋವು. ಸಂಜೆ ‘ಮಾವ, ಅಪ್ಪಯ್ಯ...’ ಅಂದರೆ ಅವರು ಕೊಡೆ ಹಿಡಿದು ಕುರುಬರಹಳ್ಳಿಯವರೆಗೆ ವಾಕಿಂಗು. ಮೋಡದ ಸುಳಿವಿಲ್ಲದ ಆಕಾಶದ ಕೆಳಗೆ ಕೊಡೆ ಬಿಚ್ಚಿಕೊಂಡು ನಡೆಯುವ ಓವರ್ಸಿಯರನ್ನು ಬೀದಿಯವರು ನೋಡಿದರು, ಯಾರೂ ಏನೂ ಕೇಳಲಿಲ್ಲ.

ಒಂಬತ್ತನೆಯ ದಿನ ಭಾನುವಾರ. ಅಷ್ಟು ಹೊತ್ತಿಗೆ ನಾರಾಯಣಪ್ಪನವರು ಒಂದು ನಿರ್ಧಾರಕ್ಕೆ ಬಂದಿದ್ದರು. ಕೇಳಿಸಿಕೊಂಡು ಕೊಡುವುದಕ್ಕಿಂತ ಕೇಳುವ ಮೊದಲೇ ಕೊಟ್ಟರೆ ಮರ್ಯಾದೆ ಉಳಿಯುತ್ತದೆ. ಒಳಗೊಳಗೆ ಇನ್ನೊಂದು ಆಸೆಯೂ ಇತ್ತು: ನಾನು ಹಂಚುತ್ತೇನೆ ಅಂದ ಕೂಡಲೇ ಮಕ್ಕಳಿಬ್ಬರೂ ‘ಬೇಡಪ್ಪ’ ಅಂತ ಕೈ ಹಿಡಿದುಕೊಳ್ಳುತ್ತಾರೆ, ಸೊಸೆ ಕಣ್ಣೊರೆಸಿಕೊಳ್ಳುತ್ತಾಳೆ, ಅಲ್ಲಿಗೆ ಪೀಡೆ ಕಳೆಯುತ್ತದೆ.

ನಡುಮನೆಯಲ್ಲಿ ಎಲ್ಲರೂ ಉಪ್ಪಿಟ್ಟಿನ ಮುಂದೆ ಕೂತಿದ್ದಾಗ ಹೇಳಿದರು.

‘ಒಂದು ತೀರ್ಮಾನ ಮಾಡಿದೀನಿ. ಈ ಮನೇನ ಹಂಚಿಬಿಡ್ತೀನಿ. ಮಳೆಗಾಲದ ಒಳಗೆ.’

ಶ್ಯಾಮಸುಂದರನ ತುತ್ತು ಅರ್ಧದಲ್ಲಿ ನಿಂತಿತು. ‘ಯಾಕಪ್ಪ? ಯಾರೇನಂದ್ರು ನಿಮಗೆ?’

ಕಿರಿಯವನು ಕಿಟ್ಟಿ. ಫ್ಯಾಕ್ಟರಿಯೊಂದರಲ್ಲಿ ಡ್ರಾಫ್ಟ್ಸ್‌ಮನ್, ಮೇ ತಿಂಗಳಲ್ಲಿ ವಿಜಯನಗರದ ಹುಡುಗಿಯ ಜೊತೆ ಮದುವೆ ನಿಶ್ಚಯವಾಗಿತ್ತು. ಅವನು ಬಾಯಲ್ಲಿದ್ದುದನ್ನು ನುಂಗಿ, ನೀರು ಕುಡಿದು, ‘ಸರಿ ಅಪ್ಪ’ ಅಂದ.

‘ಏನು ಸರಿ?’

‘ಹಂಚೋದು. ನನಗೆ ರೋಡ್ ಕಡೆ ಭಾಗ ಇರಲಿ. ಅಣ್ಣನಿಗೆ ಬಾವಿ ಕಡೆ.’ ಎದ್ದು ರೂಮಿಗೆ ಹೋಗಿ ಸುರುಳಿ ಸುತ್ತಿದ ಒಂದು ಕಾಗದ ತಂದು ಚಟ್ನಿ ಪಾತ್ರೆಯ ಪಕ್ಕದಲ್ಲಿ ಬಿಡಿಸಿದ. ಮನೆಯ ನಕ್ಷೆ. ಮಧ್ಯದಲ್ಲಿ ಕೆಂಪು ಇಂಕಿನಲ್ಲಿ ಒಂದು ಗೋಡೆ. ಒಲೆಗಳು ಎರಡು.

ನಾರಾಯಣಪ್ಪನವರು ಅದನ್ನು ನೋಡಿದರು. ಕೈ ಹಿಡಿದುಕೊಳ್ಳುವವರು ಯಾರೂ ಇರಲಿಲ್ಲ. ಸೊಸೆಯ ಕಡೆ ತಿರುಗಿ ಹೇಳಿದರು: ‘ಆಯ್ತೇನಮ್ಮ? ನಿಮ್ಮಪ್ಪನಿಗೆ ಬರೆದುಬಿಡು. ಕೇಳಿದ್ದು ಕೊಟ್ಟರು ಅಂತ.’

‘ನಾನೇನು ಕೇಳಿದೆ ಮಾವ?’

‘ಮಳೆಗಾಲದೊಳಗೆ ಮನೆ ಹಂಚು ಆಗಲೇಬೇಕು. ಹಿಂದಿನ ಹಂಚಿನ ಹಾಗೆ ಆಗಬಾರದು.’ ಒಂಬತ್ತು ದಿನದಲ್ಲಿ ಕಾರ್ಡು ಅವರಿಗೆ ಬಾಯಿಪಾಠವಾಗಿತ್ತು. ‘ಕೆಂಗೇರಿ ವಿಷಯ ನಿಮ್ಮಪ್ಪನಿಗೆ ಯಾಕಮ್ಮ?’

ಸತ್ಯವತಿ ಒಂದು ಕ್ಷಣ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. ಆಮೇಲೆ ಹಣೆ ಚಚ್ಚಿಕೊಂಡಳು. ‘ಅಯ್ಯೋ ಮಾವ! ಅದು ಹೆಂಚು! ನಮ್ಮ ಕಡೆ ಹಂಚು ಅಂತಾರೆ! ಮಾಡಿನ ಮೇಲೆ ಹಾಕೋ ಹಂಚು!’ ಹಾಗೆ ಹೇಳುತ್ತಲೇ ಅಳು ಬಂತು. ಅಳುತ್ತಲೇ ಎಲ್ಲ ಹೇಳಿದಳು. ರಾತ್ರಿಯೆಲ್ಲ ಹೆಂಚುಗಳು ಇಸ್ಪೀಟಿನ ಎಲೆಗಳ ಹಾಗೆ ಹಾರಿದ್ದು, ಅಮ್ಮ ಮಂಚದ ಕೆಳಗೆ ಬೆಳಗು ಮಾಡಿದ್ದು, ತೆಂಗಿನ ಗರಿಯ ಮಾಡು, ಎಲ್ಲ.

ಮೊದಲು ನಕ್ಕವನು ಶ್ಯಾಮಸುಂದರ. ‘ಒಂದು ಎತ್ವ ಇಲ್ಲದ್ದಕ್ಕೆ ಮನೆ ಒಡೀತಿತ್ತಲ್ಲಪ್ಪ!’ ನಾರಾಯಣಪ್ಪನವರೂ ನಕ್ಕರು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಎದೆಯ ಮೇಲಿನ ಒರಳುಕಲ್ಲು ಇಳಿದ ಹಾಗಾಗಿತ್ತು. ಕಿಟ್ಟಿಯೂ ನಕ್ಕ, ನಗುತ್ತಲೇ ನಕ್ಷೆ ಸುತ್ತಿದ, ಅದು ಸರಿಯಾಗಿ ಸುತ್ತಿಕೊಳ್ಳಲಿಲ್ಲ. ಜಗದಾಂಬಾ ಮಾತ್ರ ಎದ್ದು ಕಾಫಿಗೆ ನೀರಿಡಲು ಹೋದರು.

ಆಮೇಲೆ ನೋಡಬೇಕಿತ್ತು ಓವರ್ಸಿಯರ್ ಗತ್ತನ್ನ! ಕೈ ತೊಳೆದು ಕನ್ನಡಕ ಏರಿಸಿ, ಬಿಳಿ ಹಾಳೆ ತೆಗೆದು ಸೊಸೆಯನ್ನು ಎದುರಿಗೆ ಕೂರಿಸಿಕೊಂಡರು. ಸಮುದ್ರ ಎಷ್ಟು ದೂರ? ಮಾಡಿನ ಇಳಿಜಾರು ಎಷ್ಟು? ಯಾವ ಕಡೆಯ ಹೆಂಚು ಮೊದಲು ಹೋಯಿತು?

‘ಪಕ್ಕದ ಮನೆಯವರು ಶೀಟು ಹಾಕಿಸ್ತಿದಾರಂತೆ ಮಾವ. ಅಪ್ಪಯ್ಯನಿಗೂ ಅದೇ ಮನಸ್ಸು.’

‘ಬೇಡವೇ ಬೇಡ. ಹೆಂಚು ಹಾರಿದ್ರೆ ಒಂದೊಂದಾಗಿ ಹಾರತ್ತೆ. ಶೀಟು ಹಾರಿದ್ರೆ ಇಡೀ ಹಾರಿ ಯಾರ ಕತ್ತಿಗೆ ಬೀಳತ್ತೋ!’

‘ತಾರಸಿ ಹಾಕಿಸಿದ್ರೆ?’

‘ಉಪ್ಪುಗಾಳಿಗೆ ಕಂಬಿ ತುಕ್ಕು ಹಿಡಿಯತ್ತಮ್ಮ. ಹತ್ತು ವರ್ಷಕ್ಕೆ ತಲೆ ಮೇಲೆ ಉದುರತ್ತೆ. ಹೆಂಚೇ ಸರಿ. ಆದ್ರೆ ಸುಮ್ನೆ ಜೋಡಿಸೋದಲ್ಲ. ಹೆಂಚಿನ ಹಿಂದೆ ಮೂಗಿನ ಹಾಗೆ ಒಂದು ಗುಬುಟು ಇರತ್ತೆ ನೋಡು, ಅದಕ್ಕೆ ತೂತು ಇರಬೇಕು. ಮೂಗು ಚುಚ್ಚಿಲ್ಲದ ಹೆಂಚು ಮುಟ್ಟಬೇಡಿ ಅಂತ ಬರೀತೀನಿ. ಅಂಚಿನ ಸಾಲು ಅಷ್ಟೂ ತಾಮ್ರದ ತಂತಿ ಹಾಕಿ ಕೆಳಗಿನ ಮರದ ಪಟ್ಟಿಗೆ ಬಿಗಿಯಬೇಕು. ನೆತ್ತಿ ಮೇಲೆ ಗಾರೆ.’

ಬರೆಯುತ್ತ ಬರೆಯುತ್ತ ಅವರಿಗೆ ಶಿರಾ ಸ್ಕೂಲು ನೆನಪಾಯಿತು. ಅಲ್ಲಿ ಒಂದು ಬೇಸಿಗೆಯ ಸುಂಟರಗಾಳಿಗೆ ಹೊಸ ಮಾಡು ಹಾರಿಹೋಗಿ, ಎನ್ಕ್ವೈರಿಯಾಗಿ, ಕೊನೆಗೆ ಜವಾನ ಬಾಗಿಲು ತೆರೆದಿಟ್ಟು ಹೋಗಿದ್ದ ಅಂತ ಗೊತ್ತಾಗಿತ್ತು. ಅದನ್ನೂ ಬರೆದರು: ‘ಹೊರಗಿನ ಗಾಳಿಯೊಂದನ್ನೇ ಆದರೆ ಬಿಗಿದ ಹೆಂಚು ತಡೆದುಕೊಳ್ಳುತ್ತದೆ. ಒಳಕ್ಕೆ ಬಂದ ಗಾಳಿ ಮಾಡನ್ನು ಎತ್ತುತ್ತದೆ. ಆದ್ದರಿಂದ ಗಾಳಿಯ ಕಡೆಯ ಬಾಗಿಲು ಭದ್ರವಿರಲಿ.’ ಹೆಂಚು ಅಂತ ಬರೆದ ಕಡೆಯಲ್ಲೆಲ್ಲ ಎತ್ವವನ್ನು ಎರಡೆರಡು ಸಲ ತಿದ್ದಿ ದಪ್ಪ ಮಾಡಿದರು.

ಸಂಜೆ ಸತ್ಯವತಿ ಆ ಕಾಗದವನ್ನು ಡಬ್ಬಕ್ಕೆ ಹಾಕಲು ಗಂಡನ ಜೊತೆ ಹೋದಳು. ಬಾಗಿಲು ದಾಟುವಾಗ ಅವಳ ಮುಖ ಮದುವೆಯಾಗಿ ಬಂದ ಹೊಸದರಲ್ಲಿ ಇದ್ದ ಹಾಗಿತ್ತು. ನಾರಾಯಣಪ್ಪನವರಿಗೂ ಸಂತೋಷವಾಯಿತು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಯಾರೋ, ಅವನು ಬೆಳಗಿನಿಂದ ಅವರ ಕಣ್ಣಿಗೆ ಬೀಳದೆ ತಿರುಗುತ್ತಿದ್ದ.

‘ಕಿಟ್ಟಿ, ಆ ನಕ್ಷೆ ತಾ.’

‘ಸುಮ್ನೆ ಬರೆದಿದ್ದೆ ಅಪ್ಪ.’

‘ತಾ ಅಂದೆ.’

ತಂದ. ಅವರು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಕೆಲಸ ಅಚ್ಚುಕಟ್ಟಾಗಿತ್ತು. ತಾರೀಖು ಹಾಕದ ನಕ್ಷೆ ನಕ್ಷೆಯಲ್ಲ ಅಂತ ಮಗನಿಗೆ ಹೇಳಿಕೊಟ್ಟವರು ಅವರೇ, ಮೂಲೆಯಲ್ಲಿ ತಾರೀಖಿತ್ತು: ೬-೧೧-೭೭. ಹೋದ ದೀಪಾವಳಿಗೆ ಮುಂಚೆ. ಹೊನ್ನಾವರದಲ್ಲಿ ಗಾಳಿ ಎದ್ದದ್ದೇ ಆಮೇಲೆ, ಕಾರ್ಡು ಬಂದದ್ದು ಇನ್ನೂ ಆಮೇಲೆ.

ತಾರೀಖಿನ ವಿಷಯ ಅವರು ಎತ್ತಲಿಲ್ಲ. ‘ಅಡುಗೆಮನೆ ಗೋಡೆ ಆರಿಂಚು ತಪ್ಪಿದೆ’ ಅಂದರು. ಕಿಟ್ಟಿ ನೆಲ ನೋಡಿದ.

‘ಐವತ್ತಡಿ ಟೇಪು ಒಬ್ಬನೇ ಹಿಡಿಯೋಕಾಗಲ್ಲ ಕಣೋ. ಆ ಕಡೆ ತುದಿ ಯಾರು ಹಿಡಿದಿದ್ರು?’

ಅಡುಗೆಮನೆಯ ಬಾಗಿಲಲ್ಲಿ ಜಗದಾಂಬಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದರು.

‘ನಾನೇ ಹಿಡಿದಿದ್ದು’ ಅಂದರು. ‘ನೀವು ಮಧ್ಯಾಹ್ನ ಮಲಗಿದ್ರಿ. ಅವನು ಹಂಚಿಕೊಡಿ ಅಂತ ಬಂದ. ಕೆಂಗೇರಿ ನಾನೂ ಕಂಡಿದೀನಿ. ನಾವಿಬ್ಬರೂ ಹೋದಮೇಲೆ ಕೋರ್ಟಲ್ಲಿ ಆಗೋದಕ್ಕಿಂತ, ಇರೋವಾಗಲೇ ಜಗಳವಿಲ್ಲದೆ ಆಗಲಿ ಅನ್ನಿಸ್ತು. ನಿಮಗೆ ಹೇಳೋಕೆ ಧೈರ್ಯ ಬರಲಿಲ್ಲ.’

ನಾರಾಯಣಪ್ಪನವರು ಅಟ್ಟದ ಅಂಚಿನಿಂದ ಹಳೆಯ ಟೇಪು ಇಳಿಸಿ, ಧೂಳು ಊದಿ, ಹಿತ್ತಾಳೆಯ ಕೊಂಡಿಯ ತುದಿಯನ್ನು ಹೆಂಡತಿಯ ಕೈಗೆ ಕೊಟ್ಟರು.

‘ಸಡಿಲ ಹಿಡಿದಿದ್ದೀಯ, ಅದಕ್ಕೇ ಆರಿಂಚು ತಪ್ಪಿದೆ. ಗೋಡೆಗೆ ಒತ್ತಿ ಹಿಡಿ’ ಅಂದು, ಟೇಪು ಬಿಚ್ಚುತ್ತ ಅಡುಗೆಮನೆಯ ಆಚೆ ತುದಿಗೆ ಹೋದರು.